ಕಾಡುನಾಯಿಯ ಮೈಗೆ ಬೂದಿ ಹತ್ತಿದ್ದು

ಭೂಮಿಯ ಹಸಿಮಣ್ಣಿನ ಮೇಲೆ ದೇವರ ಬೆರಳಿನ ಗುರುತು ಇನ್ನೂ ಒಣಗಿರದ ಕಾಲ ಅದು. ತಾವು ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ಕೇಳುತ್ತಿದ್ದವು. ಹೊಳೆಗಳಿಗೆ ದಾರಿ ಆಗಷ್ಟೇ ರೂಢಿಯಾಗುತ್ತಿತ್ತು. ಗಾಳಿ ಇನ್ನೂ ಎಳೆಯ ಕೂಸು. ಕಂಡವರನ್ನೆಲ್ಲ ಮಾತಾಡಿಸುತ್ತ, ಇವರ ಸುದ್ದಿ ಅವರಿಗೆ, ಅವರ ಸುದ್ದಿ ಇವರಿಗೆ ಮುಟ್ಟಿಸುತ್ತ ತಿರುಗುತ್ತಿತ್ತು.

ಆ ಕಾಲದಲ್ಲಿ ಕಡಲಾಚೆ, ನಾವೀಗ ಆಫ್ರಿಕಾ ಎನ್ನುತ್ತೇವಲ್ಲ, ಆ ಸೀಮೆಯಲ್ಲಿ, ಕಣ್ಣು ಹಾಯಿಸಿದಷ್ಟು ದೂರವೂ ಹುಲ್ಲು ಬೆಳೆದಿತ್ತು. ಆ ಹುಲ್ಲಿನ ನಡುವೆ ಕಾಡುನಾಯಿಗಳ ಒಂದು ಹಿಂಡು ಬಾಳುತ್ತಿತ್ತು. ಆಗ ಅವುಗಳ ಮೈ ಈಗಿನ ಹಾಗಿರಲಿಲ್ಲ. ಮೂತಿಯಿಂದ ಬಾಲದ ತುದಿಯವರೆಗೂ ಒಂದೇ ಬಣ್ಣ, ಹೊಂಬಣ್ಣ. ಬೆಳಗಿನ ಹೊತ್ತು ಅವು ಸಾಲಾಗಿ ಹೊರಟರೆ ಬಿಸಿಲಿಗೇ ಕಾಲು ಮೂಡಿ ಓಡುತ್ತಿದೆಯೇನೋ ಅನ್ನಿಸುತ್ತಿತ್ತು.

ಸೃಷ್ಟಿಯ ದಿನ ಸ್ವಾಮಿ ಒಬ್ಬೊಬ್ಬರನ್ನೂ ಹತ್ತಿರ ಕರೆದು ಏನು ಬೇಕೆಂದು ಕೇಳಿದ್ದ. ಆನೆ ಸೊಂಡಿಲು ಕೇಳಿ ಪಡೆಯಿತು. ಹಕ್ಕಿ ಕೊಕ್ಕು ಕೇಳಿ ಪಡೆಯಿತು. ಕೋತಿ ಕೆನ್ನೆಯೊಳಗೆ ಒಂದು ಚೀಲ ಕೇಳಿ ಪಡೆಯಿತು. ಕಾಡುನಾಯಿಗಳ ಸರದಿ ಬಂದಾಗ ಅವು ತಲೆ ಬಾಗಿಸಿ ತಮ್ಮ ಕಷ್ಟ ಹೇಳಿಕೊಂಡವು. ನಾವು ದೂರ ದೂರ ಓಡಿ ಬೇಟೆಯಾಡುವವರು, ಮನೆಯಲ್ಲಿ ಮರಿಗಳಿರುತ್ತವೆ, ಮುದುಕರಿರುತ್ತಾರೆ, ಕಾಲು ಮುರಿದವರಿರುತ್ತಾರೆ, ಅವರಿಗೆ ಊಟ ಹೊತ್ತು ತರೋಣವೆಂದರೆ ನಮಗೆ ಕೈಯಿಲ್ಲ, ಮಡಿಲಿಲ್ಲ, ಬುಟ್ಟಿಯಿಲ್ಲ ಎಂದವು.

ಸ್ವಾಮಿಗೆ ಆ ಮಾತು ಕೇಳಿ ಬಹಳ ಸಂತೋಷವಾಯಿತು. ಅಲ್ಲಿಯವರೆಗೆ ಬಂದವರೆಲ್ಲ ತಮಗಾಗಿ ಕೇಳಿಕೊಂಡಿದ್ದರು. ಮನೆಯಲ್ಲಿ ಉಳಿದವರಿಗಾಗಿ ಕೇಳಿದವರು ಇವರೇ ಮೊದಲು. ಅವನು ಒಂದೊಂದು ನಾಯಿಯ ಹೊಟ್ಟೆಯನ್ನೂ ಮೆಲ್ಲಗೆ ಸವರಿದ.

"ಇದೇ ನಿಮ್ಮ ಬುತ್ತಿಗಂಟು. ಮನೆಯವರ ಪಾಲನ್ನೂ ಇದರಲ್ಲೇ ತುಂಬಿಕೊಂಡು ಹೋಗಿ. ಮನೆ ಮುಟ್ಟಿದ ಮೇಲೆ ಬಾಯಿಂದ ಹೊರಗಿಟ್ಟು ಅವರಿಗೆ ಉಣಿಸಿ. ಆದರೆ ಬುತ್ತಿ ಹೊತ್ತವರು ದಾರಿಯಲ್ಲಿ ಮಲಗಬಾರದು. ಓಡುತ್ತಿರುವಷ್ಟು ಹೊತ್ತು ಅದು ಮನೆಯವರದು. ಮಲಗಿದರೆ ಕರಗಿ ನಿಮ್ಮದಾಗುತ್ತದೆ. ಕರಗಿದ್ದು ತಿರುಗಿ ಬಾಯಿಗೆ ಬರುವುದಿಲ್ಲ," ಅಂದ.

ಅಂದಿನಿಂದ ಹಾಗೆಯೇ ನಡೆದುಕೊಂಡು ಬಂತು. ಬೇಟೆಗೆ ಹೋದವರು ಬಂದ ಸದ್ದಾದರೆ ಬಿಲದಲ್ಲಿದ್ದವರು ಎದ್ದು ಬಂದು ಅವರ ತುಟಿಯ ಅಂಚಿಗೆ ಮೂಗು ತಾಗಿಸುತ್ತಿದ್ದರು. ಅದೇ ಅವರು ಕೇಳುವ ರೀತಿ. ಎರಡನೆಯ ಸಲ ಕೇಳುವ ಪ್ರಮೇಯ ಯಾರಿಗೂ ಬಂದಿರಲಿಲ್ಲ.

ಆ ಹಿಂಡಿನಲ್ಲಿ ಒಬ್ಬಳು ಹರೆಯದವಳಿದ್ದಳು. ಅವರ ಭಾಷೆಯಲ್ಲಿ ಅವಳ ಹೆಸರು ಏನಿತ್ತೋ, ನಮ್ಮ ಬಾಯಿಗೆ ಒಗ್ಗುವ ಹಾಗೆ ಕೆಂಚಿ ಎನ್ನೋಣ. ಓಟದಲ್ಲಿ ಕೆಂಚಿಯನ್ನು ಮೀರಿಸುವವರಿರಲಿಲ್ಲ. ಅವಳ ಮೈಬಣ್ಣವನ್ನು ಮೀರಿಸುವ ಬಣ್ಣವೂ ಇರಲಿಲ್ಲ. ಎಲ್ಲರದೂ ಹೊಂಬಣ್ಣವೇ ಆದರೂ ಅವಳದು ಒಂದು ಕೈ ಹೆಚ್ಚೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಧೂಳಿನ ದಾರಿ ಬಿಟ್ಟು ಹುಲ್ಲಿನ ಮೇಲೆ ನಡೆಯುವಳು. ಮಲಗುವ ಮುಂಚೆ ಒಂದು ಕೂದಲೂ ಬಿಡದ ಹಾಗೆ ನೆಕ್ಕಿಕೊಳ್ಳುವಳು. ಇವಳನ್ನು ಬೇಟೆಗೆ ಕರೆದುಕೊಂಡು ಹೋಗಬೇಕೋ ಮದುವೆಗೋ ಎಂದು ಮಿಕ್ಕವರು ರೇಗಿಸುತ್ತಿದ್ದರು.

ಅವಳನ್ನು ಸಾಕಿದವಳು ಹಾಲವ್ವ. ಹೆತ್ತವಳಲ್ಲ, ದೊಡ್ಡಮ್ಮ. ಬಹಳ ಹಿಂದೆ ಕಾಡುಕುದುರೆಯೊಂದು ಒದ್ದು ಹಾಲವ್ವನ ಹಿಂಗಾಲು ಮುರಿದಿತ್ತು. ಅವತ್ತಿನಿಂದ ಅವಳು ಬಿಲದ ಬಾಯಲ್ಲೇ ಕೂತು ಮರಿಗಳನ್ನು ಕಾಯುವಳು. ಹಿಂಡಿನಲ್ಲಿ ಯಾರ ಮರಿಯೇ ಆಗಲಿ, ಕಣ್ಣು ಬಿಟ್ಟಾಗ ಮೊದಲು ಕಾಣುತ್ತಿದ್ದುದು ಹಾಲವ್ವನ ಮುಖವೇ.

ಆ ವರ್ಷದ ಮರಿಗಳಲ್ಲಿ ಎಲ್ಲಕ್ಕಿಂತ ಸಣ್ಣವನೊಬ್ಬನಿದ್ದ. ದೇವರ ಬೊಗಸೆಯಲ್ಲಿ ಕೊನೆಗೆ ಉಳಿದ ಚೂರು ಮಣ್ಣಿನಲ್ಲಿ ಮಾಡಿದ್ದು ಇವನನ್ನು ಎಂದು ಹಾಲವ್ವ ಹೇಳುತ್ತಿದ್ದಳು. ಅದಕ್ಕೇ ಎಲ್ಲರೂ ಅವನನ್ನು ಬೊಗಸೆ ಎಂದೇ ಕರೆಯುತ್ತಿದ್ದರು. ಬೊಗಸೆಗೆ ಕೆಂಚಿಯೆಂದರೆ ಪ್ರಾಣ. ಅವಳು ನಡೆದಲ್ಲೆಲ್ಲ ಅವಳ ಬಾಲ ಹಿಡಿಯಲು ಹೋಗಿ ಮುಗ್ಗರಿಸುವನು.

ಬೇಸಿಗೆ ಬಲಿಯಿತು. ಹುಲ್ಲು ಒಣಗಿತು. ಒಂದು ಮಧ್ಯಾಹ್ನ ಸಿಡಿಲು ಬಡಿದು ಪಡುವಣ ಬಯಲಿಗೆ ಬಯಲೇ ಸುಟ್ಟು ಕರಿಕಾಯಿತು. ಹುಲ್ಲೆಗಳ ಹಿಂಡು ಹಸಿರು ಹುಡುಕುತ್ತ ಹೊಳೆಯಾಚೆ ಹೋಯಿತು. ಬೇಟೆಯ ದಾರಿ ದಿನದಿಂದ ದಿನಕ್ಕೆ ಉದ್ದವಾಗುತ್ತ ಹೋಯಿತು. ಬಿಲದಲ್ಲಿದ್ದ ಮರಿಗಳ ಪಕ್ಕೆಲುಬು ಕಾಣತೊಡಗಿತು.

ಒಂದು ದಿನ ಹಿಂಡು ನಸುಕಿಗೇ ಹೊರಟು, ಹೊಳೆ ದಾಟಿ, ಬಿಸಿಲೇರುವ ತನಕ ಓಡಿ ಕೊನೆಗೂ ಒಂದು ಹುಲ್ಲೆಯನ್ನು ಕೆಡವಿತು. ಅದೂ ಬಡಕಲು. ಹಿಂಡಿನ ಯಜಮಾನ ಬೈರಣ್ಣ ಎಲ್ಲರ ಮುಖ ನೋಡಿದ. ಬೆಟ್ಟದಾಚೆ ಹಸಿರಿದೆಯೋ ಇಲ್ಲವೋ ಇವತ್ತೇ ನೋಡಿಬರಬೇಕು, ಇದ್ದರೆ ಮರಿಗಳನ್ನು ಅಲ್ಲಿಗೇ ಸಾಗಿಸೋಣ ಎಂಬುದು ಅವನ ಯೋಚನೆ. ಬೆಟ್ಟ ಹತ್ತುವವರು ಕಾಲು ನಡೆಯುವಷ್ಟು ಮಾತ್ರ ತಿಂದರೆ ಸಾಕು, ಉಳಿದದ್ದನ್ನೆಲ್ಲ ಒಬ್ಬರು ತುಂಬಿಕೊಂಡು ನೆಟ್ಟಗೆ ಮನೆಗೆ ಹೋಗಲಿ ಎಂದ.

ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

"ಕೆಂಚಿ, ನೀನು ಹೋಗು. ಮರಿಗಳ ಪಾಲು, ದೊಡ್ಡಮ್ಮನ ಪಾಲು ಎರಡೂ ನಿನ್ನ ಹತ್ತಿರ ಇದೆ. ದಾರಿಯಲ್ಲಿ ಎಲ್ಲೂ ಒರಗಬೇಡ," ಅಂದ ಬೈರಣ್ಣ.

ಅಷ್ಟೂ ನನಗೆ ಹೇಳಿಕೊಡಬೇಕೇನಣ್ಣ ಎಂದು ಕೆಂಚಿ ನಕ್ಕಳು. ಹೊಟ್ಟೆ ಬಿರಿಯುವಷ್ಟು ತುಂಬಿಕೊಂಡಳು. ಉಳಿದವರು ಅರೆಹೊಟ್ಟೆಯಲ್ಲಿ ಬೆಟ್ಟದ ಕಡೆ ತಿರುಗಿದರು. ಅವಳು ಮನೆಯ ಕಡೆ ತಿರುಗಿದಳು.

ಹೊಳೆಯ ತನಕ ಅವಳು ಚೆನ್ನಾಗಿಯೇ ಓಡಿದಳು. ಹೊಟ್ಟೆ ಭಾರ, ಬಿಸಿಲು ನೆತ್ತಿಯ ಮೇಲೆ. ಹೊಳೆಯ ನೀರು ತಿಳಿಯಾಗಿ, ನಿಧಾನವಾಗಿ ಹರಿಯುತ್ತಿತ್ತು. ದಡದಲ್ಲಿ ಒಂದು ಜಾಲಿಮರ, ಅದರ ಕೆಳಗೆ ಅಗಲ ನೆರಳು.

ಹೊಳೆಗೆ ಮಾತೆಂದರೆ ಇಷ್ಟ. ಯಾಕೆ ಅಷ್ಟು ಅವಸರ, ಒಂದು ಗುಟುಕು ಕುಡಿದು ಹೋಗು ಎಂದಿತು. ಕೆಂಚಿ ಬಗ್ಗಿ ಕುಡಿದಳು. ನೀರಿನೊಳಗೆ ಅವಳ ಮುಖ ಮೂಡಿತು.

"ಎಷ್ಟೋ ಜನ ಬಂದು ನನ್ನಲ್ಲಿ ಮುಖ ನೋಡಿಕೊಂಡು ಹೋಗಿದ್ದಾರೆ. ಇಂಥ ಬಣ್ಣ ನಾನು ಕಂಡಿರಲಿಲ್ಲ ಕಣೇ," ಎಂದಿತು ಹೊಳೆ.

ಕೆಂಚಿ ಈ ಪಕ್ಕ ತಿರುಗಿ ನೋಡಿದಳು. ಆ ಪಕ್ಕ ತಿರುಗಿ ನೋಡಿದಳು. ನಿಂತು ನೋಡಿದ್ದಾಯಿತು, ಕೂತು ನೋಡೋಣ ಅನ್ನಿಸಿತು. ಕೂತು ನೋಡಿದ್ದಾಯಿತು, ನೆರಳು ತಣ್ಣಗಿತ್ತು, ಒಂದು ಗಳಿಗೆ ಒರಗಿದರೆ ಏನಾದೀತು ಅನ್ನಿಸಿತು. ಒಂದು ಗಳಿಗೆಗೆ ಸ್ವಾಮಿಯೇನೂ ಸಿಟ್ಟಾಗಲಾರ ಎಂದುಕೊಂಡಳು. ಮುಂಗಾಲುಗಳ ಮೇಲೆ ಮೂತಿ ಇಟ್ಟಳು. ಹೊಳೆ ಜೋಗುಳದ ಹಾಗೆ ಹರಿಯುತ್ತಲೇ ಇತ್ತು.

ಎಚ್ಚರವಾದಾಗ ನೀರು ಕೆಂಪಗಾಗಿತ್ತು. ಹೊತ್ತು ಮುಳುಗುತ್ತಿತ್ತು.

ಕೆಂಚಿ ದಡಬಡಿಸಿ ಎದ್ದಳು. ಮೈ ಹಗುರವಾಗಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ತಲೆ ಬಗ್ಗಿಸಿ ಕಕ್ಕಲು ನೋಡಿದಳು. ಹಳದಿ ನೀರು ಬಂತು. ಇನ್ನೊಮ್ಮೆ ನೋಡಿದಳು, ಅದೂ ಬರಲಿಲ್ಲ. ಕರಗಿದ್ದು ಕರಗಿಹೋಗಿತ್ತು.

ಹುಲ್ಲೆ ಬಿದ್ದಿದ್ದ ಜಾಗಕ್ಕೆ ತಿರುಗಿ ಓಡೋಣವೆಂದರೆ ಅಲ್ಲೇನಿದೆ, ಅಷ್ಟು ಹೊತ್ತಿಗೆ ಹದ್ದುಗಳು ಎಲುಬನ್ನೂ ಬಿಟ್ಟಿರಲಾರವು. ಒಬ್ಬಳೇ ಬೇಟೆಯಾಡೋಣವೆಂದರೆ ಕಾಡುನಾಯಿಗೆ ಒಂಟಿ ಬೇಟೆ ಆಗುವ ಮಾತಲ್ಲ. ಅಷ್ಟರಲ್ಲಿ ಗಾಳಿ ಬಂತು. ಎಲ್ಲಿದ್ದೀಯೇ ಕೆಂಚಿ, ಮರಿಗಳು ಬಿಲದ ಬಾಯಿಗೆ ಬಂದು ಕಿವಿ ನಿಮಿರಿಸಿ ನಿಂತು ಎಷ್ಟು ಹೊತ್ತಾಯಿತು ಎಂದಿತು. ಬರುತ್ತಿದ್ದೇನೆಂದು ಹೇಳಲೇ ಎಂದೂ ಕೇಳಿತು. ಏನೂ ಹೇಳಬೇಡ ಎಂದು ಕೆಂಚಿ ಗೋಗರೆದಳು.

ಮನೆಯ ದಾರಿ ಅವತ್ತಿನಷ್ಟು ಚಿಕ್ಕದಾಗಿ ಅವಳಿಗೆ ಎಂದೂ ಕಂಡಿರಲಿಲ್ಲ. ಹೇಳಬೇಕಾದ ಮಾತು ಇನ್ನೂ ಬಾಯಲ್ಲಿ ಕೂಡಿಬಂದಿರಲಿಲ್ಲ, ಬಿಲ ಬಂದೇಬಿಟ್ಟಿತು.

ಮರಿಗಳು ಒಂದರ ಮೇಲೊಂದು ಬಿದ್ದು ಓಡಿಬಂದವು. ಅವಳ ತುಟಿಯ ಅಂಚಿಗೆ ಮೂಗು ತಾಗಿಸಿದವು. ಕೆಂಚಿ ಮುಖ ಅತ್ತ ತಿರುಗಿಸಿದಳು. ಮರಿಗಳು ಆ ಕಡೆಗೂ ಬಂದವು. ಬೊಗಸೆಗೆ ಎಟಕುತ್ತಿರಲಿಲ್ಲ, ಅವನು ಹಿಂಗಾಲ ಮೇಲೆ ನಿಂತು ಅವಳ ಗದ್ದಕ್ಕೆ ಮೂಗು ತಾಗಿಸಿದ.

ಹಾಲವ್ವ ಕುಂಟುತ್ತ ಬಂದಳು. ಅವಳೂ ರೂಢಿಯಂತೆ ಕೆಂಚಿಯ ತುಟಿಗೆ ಮೂಗು ತಾಗಿಸಿದಳು. ಒಂದು ಕ್ಷಣ ಹಾಗೆಯೇ ನಿಂತಳು. ಆಮೇಲೆ, ಯಾಕೆ ಮಗಳೇ ಎಂದು ಕೇಳಿದಳು.

ನಿಜ ಹೇಳಲು ಕೆಂಚಿ ಬಾಯಿ ತೆರೆದಿದ್ದಳು. ಅದು ದೇವರಿಗೆ ಗೊತ್ತು. ಆದರೆ ಅಷ್ಟು ಕಣ್ಣುಗಳು ತನ್ನನ್ನೇ ನೋಡುತ್ತಿದ್ದವು.

"ಇವತ್ತು ಏನೂ ಸಿಗಲಿಲ್ಲ ದೊಡ್ಡಮ್ಮ," ಅಂದಳು.

ಹಿಂಡಿನಲ್ಲಿ ಅದುವರೆಗೆ ಯಾರೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಎಂಬ ಮಾತೇ ಅಲ್ಲಿ ಹುಟ್ಟಿರಲಿಲ್ಲ. ಅದಕ್ಕೇ ಮರಿಗಳು ತಕ್ಷಣ ನಂಬಿದವು. ನಂಬಿ, ಅಳುವುದನ್ನೂ ನಿಲ್ಲಿಸಿದವು. ಸಿಗದಿದ್ದರೆ ಯಾರು ತಾನೆ ಏನು ಮಾಡಲಾದೀತು.

ಹಾಲವ್ವ ಅತ್ತ ತಿರುಗಿದಳು. ಬಿಲದ ಪಕ್ಕದ ಮರಳನ್ನು ಕೆದರಿ, ಅಡಿಯಲ್ಲಿ ಬಚ್ಚಿಟ್ಟಿದ್ದ ಒಂದು ಒಣ ತೊಗಲಿನ ತುಂಡನ್ನು ಹೊರಗೆ ತೆಗೆದಳು. ಅಂಟಿಕೊಂಡ ಒಂದಿಷ್ಟು ಮಾಂಸ ಅದರಲ್ಲಿತ್ತು. ತೀರಾ ಆಗದ ದಿನ ಮರಿಗಳಿಗೆ ಇರಲಿ ಎಂದು ತಾನು ತಿನ್ನದೆ ಇಟ್ಟುಕೊಂಡು ಬಂದದ್ದು. ಅದನ್ನು ತಂದು ಕೆಂಚಿಯ ಮುಂದೆ ಇಟ್ಟಳು.

"ಬೆಳಗಿನಿಂದ ಓಡಿದ್ದೀಯ. ತಿನ್ನು."

ಬೇಡ ಎಂದಳು ಕೆಂಚಿ. ಮರಿಗಳಿಗೆ ಕೊಡು ಎಂದಳು. ಓಡುವವರಲ್ಲಿ ಶಕ್ತಿಯಿದ್ದರೆ ತಾನೇ ನಾಳೆ ಮರಿಗಳಿಗೆ ಸಿಗುವುದು ಎಂದಳು ಹಾಲವ್ವ. ಇನ್ನೂ ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಮರಿಗಳು ಸಾಲಾಗಿ ಕೂತು ನೋಡುತ್ತಿದ್ದವು. ಕೆಂಚಿ ತಿಂದಳು. ಹಸಿವಿಲ್ಲದ ಹೊಟ್ಟೆಗೆ, ಹಸಿದವರ ಎದುರಿಗೆ ಕೂತು, ಅಗಿದು ಅಗಿದು ತಿಂದಳು.

ಬೊಗಸೆ ಅವಳ ಮಗ್ಗುಲಿಗೆ ಬಂದು ಮುದುಡಿಕೊಂಡ. ಅವಳ ತುಟಿಗೆ ಹತ್ತಿದ್ದ ಒಂದು ಎಳೆಯನ್ನು ನಾಲಿಗೆಯ ತುದಿಯಲ್ಲಿ ತೆಗೆದುಕೊಂಡ.

"ನಾಳೆ ಸಿಗುತ್ತೆ ಬಿಡು ಕೆಂಚಕ್ಕ," ಎಂದು ಸಮಾಧಾನ ಹೇಳಿ ಕಣ್ಣು ಮುಚ್ಚಿದ.

ಬೆಳಕು ಹರಿಯಿತು. ಮರಿಗಳು ಎದ್ದವು. ಬೊಗಸೆ ಏಳಲಿಲ್ಲ. ಹಾಲವ್ವ ನೆಕ್ಕಿದಳು, ಮೂಗಿನಿಂದ ನೂಕಿದಳು. ಕಣ್ಣು ಬಿಟ್ಟ, ಕಾಲು ಊರಲು ನೋಡಿದ, ಹಾಗೆಯೇ ಕುಸಿದ. ಇವತ್ತು ಹೊತ್ತು ಮುಳುಗುವುದರೊಳಗೆ ಇದರ ಹೊಟ್ಟೆಗೆ ಏನಾದರೂ ಬೀಳಬೇಕು ಎಂದು ಹಾಲವ್ವ ತನ್ನಷ್ಟಕ್ಕೆ ಗೊಣಗಿಕೊಂಡಳು. ಕೆಂಚಿಯನ್ನು ನೋಡಿ ಹೇಳಿದ್ದಲ್ಲ. ಆದರೆ ಕೆಂಚಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಎದ್ದು, ಹಿಂದೆ ನೋಡದೆ, ದಿಕ್ಕು ನೋಡದೆ ಓಡಿದಳು.

ಓಡುವಾಗ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು ಅವಳಿಗೆ. ಆಗತಾನೇ ಹುಟ್ಟಿದ ಸೂರ್ಯ ಅವಳ ಮೈಮೇಲೆ ಬಿದ್ದು ಹೊಂಬಣ್ಣ ಝಗಝಗಿಸುತ್ತಿತ್ತು. ನೋಡಿ, ಕೆಂಚಿ ಹೋಗುತ್ತಿದ್ದಾಳೆ ಎಂದು ಒಂದೊಂದು ಕೂದಲೂ ಕೂಗಿ ಹೇಳುವ ಹಾಗಿತ್ತು. ನಿನ್ನೆ ನೀರಿನಲ್ಲಿ ನೋಡಿ ತಣಿಯದ ಬಣ್ಣ ಇವತ್ತು ಎಲ್ಲಿ ಮುಚ್ಚಿಡಲಿ ಎನ್ನುವಂತಾಯಿತು.

ಸುಟ್ಟ ಬಯಲು ಸಿಕ್ಕಿತು. ಕೆಂಚಿ ಅದರೊಳಗೆ ಬಿದ್ದು ಹೊರಳಾಡಿದಳು. ಮೂತಿಗೆ ಮಸಿ ಮೆತ್ತಿತು. ಕಿವಿಗೆ, ಎದೆಗೆ, ಕಾಲಿಗೆ ಬೂದಿ ಮೆತ್ತಿತು. ಎದ್ದು ನೋಡಿಕೊಂಡಳು, ನಡುನಡುವೆ ಹೊಂಬಣ್ಣ ಇಣುಕುತ್ತಿತ್ತು. ಪಕ್ಕದಲ್ಲಿ ಬತ್ತಿದ ಉಪ್ಪಿನ ಕೆರೆಯೊಂದಿತ್ತು, ಸುಣ್ಣದಂಥ ಬಿಳಿ ಕೆಸರು. ಅದರಲ್ಲೂ ಬಿದ್ದಳು. ಎದ್ದರೆ ಅಲ್ಲೊಂದಿಷ್ಟು ಕಪ್ಪು, ಇಲ್ಲೊಂದಿಷ್ಟು ಬಿಳಿ, ಸಂದಿನಲ್ಲಿ ಮತ್ತೆ ಹೊಂಬಣ್ಣ. ಬೂದಿ ಮೂಗಿಗೆ ಹೋಗಿ ಸೀನಿದಳು. ಸೀನುತ್ತ ಸೀನುತ್ತ ಮುಳ್ಳಿನ ಪೊದೆಯೊಂದರೊಳಗೆ ತೆವಳಿ, ಬಾಲವೊಂದು ಹೊರಗೆ ಉಳಿದದ್ದೂ ತಿಳಿಯದೆ, ಮುಖ ಮುಚ್ಚಿಕೊಂಡು ಬಿದ್ದುಕೊಂಡಳು.

ಗಾಳಿ ಬಂದು ಇಣುಕಿತು. ಯಾರದು ಎಂದು ಕೇಳಿತು. ಕೆಂಚಿಗೆ ಹೆಸರು ಹೇಳಲು ಬಾಯಿ ಬರಲಿಲ್ಲ. ದೇವರೇ ಎನ್ನಬೇಕೆನ್ನಿಸಿತು. ಸುಳ್ಳು ಹೇಳಿದ್ದೂ ಇದೇ ಬಾಯಿ ಎಂದು ನೆನಪಾಗಿ ಆ ಹೆಸರನ್ನೂ ನುಂಗಿಕೊಂಡಳು.

ಕರೆಯದಿದ್ದರೂ ಕೇಳಿಸಿಕೊಳ್ಳುವವನು ಅವನು. ಮೂರು ಕಾಲಿನಲ್ಲಿ ಕುಂಟುವ ಮುದುಕಿಯೊಬ್ಬಳನ್ನು ಅಷ್ಟು ದೂರ ನಡೆಸಿಕೊಂಡು ಬಂದದ್ದು ಇನ್ಯಾರ ಕೆಲಸ. ಮರಿಗಳನ್ನು ಬಿಲದ ಆಳಕ್ಕೆ ಕಳಿಸಿ, ನಾನು ಕೂಗುವ ತನಕ ಹೊರಗೆ ಬರಬೇಡಿ ಎಂದು ಹೇಳಿ, ಹಾಲವ್ವ ಸೀನಿನ ಸದ್ದು ಹಿಡಿದು ಬಂದಿದ್ದಳು.

"ಎದ್ದು ಬಾ," ಎಂದಳು ಪೊದೆಯ ಹೊರಗೆ ನಿಂತು.

"ನಾನು ಸುಳ್ಳು ಹೇಳಿದೆ ದೊಡ್ಡಮ್ಮ. ನಿಮ್ಮ ಪಾಲು ನನ್ನ ಹತ್ತಿರ ಇತ್ತು. ದಾರಿಯಲ್ಲಿ ಮಲಗಿಬಿಟ್ಟೆ," ಎಂಬ ಮಾತು ಪೊದೆಯೊಳಗಿನಿಂದ ಬಂತು.

"ಗೊತ್ತು. ನಿನ್ನ ತುಟಿಗೆ ಮೂಗಿಟ್ಟಾಗಲೇ ಮಾಂಸದ ವಾಸನೆ ಬಂತು. ನನಗೆ ಮುರಿದಿರುವುದು ಕಾಲು ಕಣೇ, ಮೂಗಲ್ಲ."

ಕೆಂಚಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾಗಾದರೆ ಆ ತುಂಡು ನನಗೆ ಯಾಕೆ ಕೊಟ್ಟೆ ಎಂದು ಕೇಳಿದಳು.

ಹಾಲವ್ವ ಮುರಿದ ಕಾಲನ್ನು ಮಡಿಸಿ ಅಲ್ಲೇ ಕೂತಳು. ಹುಲ್ಲೆ ಇವತ್ತಲ್ಲದಿದ್ದರೆ ನಾಳೆ ಸಿಗುತ್ತದೆ, ಮಗಳು ಸಿಗುತ್ತಾಳೆಯೇ ಎಂದಳು. ತಪ್ಪು ಮಾಡಿ ಮನೆಗೆ ಬಂದವರಿಗೆ ಅವತ್ತು ಬಾಗಿಲಲ್ಲಿ ಒಂದು ತುತ್ತು ಸಿಗದಿದ್ದರೆ ಅವರು ಮರುದಿನ ಮನೆಗೇ ಬರುವುದಿಲ್ಲ, ಅದಕ್ಕೆ ಕೊಟ್ಟೆ ಎಂದಳು. ಇಷ್ಟು ಹೇಳಿ, ಮಾತು ಸಾಕೆನ್ನುವ ಹಾಗೆ, ಪೊದೆಯಿಂದ ಹೊರಗೆ ಚಾಚಿದ್ದ ಕೆಂಚಿಯ ಬಾಲದ ತುದಿಯನ್ನು ಬಾಯಲ್ಲಿ ಹಿಡಿದಳು. ಮರಿಗಳನ್ನು ಎತ್ತುವಾಗ ಹಿಡಿಯುತ್ತಾರಲ್ಲ, ಅಷ್ಟು ಮೆತ್ತಗೆ. ಹಿಡಿದು ಎಳೆದಳು.

ಕೆಂಚಿ ಹೊರಗೆ ಬಂದಳು. ಹಾಲವ್ವನ ಬಾಯಿಗೆ ಸಿಕ್ಕಿದ ಅಷ್ಟು ಜಾಗದಲ್ಲಿ ಬೂದಿಯೂ ಹೋಗಿತ್ತು, ಕೆಸರೂ ಹೋಗಿತ್ತು. ಹೊಂಬಣ್ಣವೂ ಉಳಿದಿರಲಿಲ್ಲ. ತೊಳೆದ ಹತ್ತಿಯ ಹಾಗೆ ಬೆಳ್ಳಗಾಗಿತ್ತು.

ಅವರು ಬಿಲಕ್ಕೆ ಬರುವಾಗ ಬೈರಣ್ಣನ ಗುಂಪು ಬೆಟ್ಟ ಇಳಿದು ಬಂದು ನಿಂತಿತ್ತು. ಬೆಟ್ಟದಾಚೆ ಹಸಿರಿರಲಿಲ್ಲ. ನಿನ್ನೆ ತಿಂದ ಅರೆಹೊಟ್ಟೆಯೂ ಕರಗಿ ಎಲ್ಲರ ಕಾಲು ನಡುಗುತ್ತಿತ್ತು. ಈ ಕಪ್ಪು ಬಿಳಿ ಪ್ರಾಣಿ ಯಾವುದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ನಡಿಗೆ ನೋಡಿ ಒಬ್ಬ ಗುರುತು ಹಿಡಿದು, ಇದೇನು ಕೆಂಚಮ್ಮ, ಇವತ್ತಿನ ಅಲಂಕಾರ ಬೇರೆಯೇ ಇದೆ ಎಂದು ನಕ್ಕ. ಬೇರೆ ಯಾರೂ ನಗಲಿಲ್ಲ, ಅವನ ನಗುವೂ ನಿಂತುಹೋಯಿತು.

ಕೆಂಚಿ ಹಿಂಡಿನ ನಡುವೆ ಹೋಗಿ ತಲೆ ತಗ್ಗಿಸಿ ನಿಂತಳು. ಹೊಳೆಯಿಂದ ಹಿಡಿದು ಮರಳಿನ ಕೆಳಗಿನ ತುಂಡಿನವರೆಗೆ ಒಂದನ್ನೂ ಬಿಡದೆ ಹೇಳಿದಳು. ಮರಿಗಳೂ ಕೇಳಿಸಿಕೊಂಡವು. ಹೇಳಿ ಮುಗಿಸಿದ ಮೇಲೂ ಅವಳ ತಲೆ ಏಳಲಿಲ್ಲ.

ಬೈರಣ್ಣನಿಗೆ ಸಿಟ್ಟು ಬಂದಿತ್ತು. ಬೈಯಲು ಬಾಯಿ ತೆರೆದಾಗ ಅವನಿಗೆ ಹೋದ ಮಳೆಗಾಲದ ಒಂದು ದಿನ ನೆನಪಿಗೆ ಬಂತು. ಅವತ್ತು ಬುತ್ತಿ ಹೊತ್ತವನು ಅವನೇ. ಮನೆಗೆ ಬಂದು ಅರ್ಧ ಕಕ್ಕಿ, ಅರ್ಧ ಉಳಿಸಿಕೊಂಡು, ಇಷ್ಟೇ ಎಂಬಂತೆ ಮುಖ ತಿರುಗಿಸಿದ್ದ. ಅದು ಸುಳ್ಳೆಂದು ಆಗ ಅವನಿಗೆ ಹೊಳೆದಿರಲಿಲ್ಲ. ಬಾಯಿ ಬಿಟ್ಟು ಹೇಳಿರಲಿಲ್ಲವಲ್ಲ. ಬೈರಣ್ಣ ತೆರೆದ ಬಾಯನ್ನು ಮುಚ್ಚಿದ. ಒಬ್ಬನೇ ನಡೆದು ಸುಟ್ಟ ಬಯಲಿಗೆ ಹೋದ. ತಿರುಗಿ ಬಂದಾಗ ಅವನ ಎದೆಯೂ ಮೂತಿಯೂ ಕಪ್ಪಗಾಗಿದ್ದವು.

ಆಗ ನಕ್ಕಿದ್ದವನು ಎದ್ದು ಹೋದ. ಅವನ ಹಿಂದೆ ಇನ್ನೊಬ್ಬಳು ಎದ್ದಳು. ಜೀವದಲ್ಲಿ ಒಮ್ಮೆಯೂ ಇನ್ನೊಬ್ಬರ ತುತ್ತಿಗೆ ಕಣ್ಣು ಹಾಕದವರು ಯಾರಿದ್ದಾರೆ. ಒಬ್ಬೊಬ್ಬರೂ ಹೋಗಿ, ತಮಗೆ ಮಾತ್ರ ಗೊತ್ತಿದ್ದುದನ್ನು ನೆನೆದು, ತಮಗೆ ತೋಚಿದ ಹಾಗೆ ಬೂದಿಯಲ್ಲಿ ಹೊರಳಿದರು, ಉಪ್ಪಿನ ಕೆಸರಿನಲ್ಲಿ ಹೊರಳಿದರು. ಕೆಲವರು ಹೆಚ್ಚು, ಕೆಲವರು ಕಡಿಮೆ. ಹಾಲವ್ವ ಕೂಡ ಹೋಗಿ ಒಂದು ಸುತ್ತು ಹೊರಳಿ ಬಂದಳು. ನಿನಗೇನು ದೊಡ್ಡಮ್ಮ ಎಂದರೆ, ನನಗೂ ಒಂದು ಕಾಲದಲ್ಲಿ ನಾಲ್ಕು ಕಾಲಿತ್ತು, ನಾನೂ ಬುತ್ತಿ ಹೊತ್ತವಳೇ ಎಂದಳು. ಒಬ್ಬೊಬ್ಬರು ತಿರುಗಿ ಬಂದಾಗಲೂ ಅವರ ಬಾಲದ ತುದಿಯನ್ನು ಅವಳು ಬಾಯಲ್ಲಿ ಹಿಡಿದು, ಬಾ ಮಗನೇ, ಬಾ ಮಗಳೇ ಎಂದು ಬಿಲದ ಕಡೆ ಎಳೆದುಕೊಂಡಳು. ಅವಳ ಬಾಲವನ್ನು ಹಿಡಿದು ಎಳೆದದ್ದು ಕೆಂಚಿ.

ಬೊಗಸೆ ಮಲಗಿದಲ್ಲೇ ಇದ್ದ. ಬಿಸಿಲು ಏರುತ್ತಿತ್ತು.

ಹೊರಡಬೇಕಿತ್ತು, ಆದರೆ ಯಾರ ಕಾಲಿನಲ್ಲೂ ಶಕ್ತಿಯಿರಲಿಲ್ಲ. ಹೊರಡಿ ಎಂದು ಹೇಳುವ ಮುಖ ಬೈರಣ್ಣನಿಗಿರಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು. ಆಗ ಕೆಂಚಿ ಸೀನಿದಳು. ಮೂಗಿನ ಬೂದಿ ಇನ್ನೂ ಹೋಗಿರಲಿಲ್ಲ. ಸೀನಿ, ಎದ್ದು ನಿಂತಳು. ಅದನ್ನು ಕೇಳಿ ಇನ್ನೊಬ್ಬನಿಗೆ ತನ್ನ ಮೂಗಿನ ಬೂದಿ ನೆನಪಾಯಿತು. ಅವನೂ ಸೀನಿ ಎದ್ದ. ಇನ್ನೊಬ್ಬಳು ಸೀನಿ ಎದ್ದಳು. ಕೊನೆಗೆ ಬೈರಣ್ಣನೂ ಸೀನಿ ಎದ್ದ. ನಮ್ಮಲ್ಲಿ ಹೊರಡುವ ಹೊತ್ತಿಗೆ ಯಾರಾದರೂ ಸೀನಿದರೆ ಒಂದು ಗಳಿಗೆ ಕೂತು ಹೋಗು ಎನ್ನುತ್ತಾರೆ. ಅವರಲ್ಲಿ ಅಂದಿನಿಂದ ಸೀನಿದರೇನೇ ಹೊರಡುವುದು.

ಹೋಗುವಾಗ ಅವರು ತಲೆ ಎತ್ತಿ ಓಡಲಿಲ್ಲ. ತಲೆ ತಗ್ಗಿಸಿಕೊಂಡು, ಕಿವಿ ಹಿಂದಕ್ಕೆ ಮಡಿಸಿಕೊಂಡು ಓಡಿದರು. ಹೊಳೆಯ ಕೆಳಪಾತ್ರದಲ್ಲಿ, ದಾರಿ ತಪ್ಪಿದ ಒಂದು ಹುಲ್ಲೆ ಅವರಿಗಾಗಿಯೇ ನಿಂತಂತೆ ನಿಂತಿತ್ತು. ಕೊಡುವವನು ಕೊಡಬೇಕೆಂದಾಗ ಹಾಗೆಯೇ ಕೊಡುತ್ತಾನೆ.

ಹುಲ್ಲೆ ಬಿತ್ತು. ಮೊದಲ ತುತ್ತಿಗೆ ಯಾರೂ ಬಾಯಿ ಹಾಕಲಿಲ್ಲ. ನೀನು ತುಂಬಿಕೋ ಎಂದು ಬೈರಣ್ಣ ಕೆಂಚಿಗೆ ಹೇಳಿದ. ಅವಳು ಬೆದರಿ ಹಿಂದೆ ಸರಿದಳು. ನಾನು ಹೊರಲಾರೆ, ಬೇರೆ ಯಾರಿಗಾದರೂ ಹೇಳು ಅಣ್ಣ ಎಂದಳು.

"ನೀನೇ ಹೊರಬೇಕು. ಮಲಗಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ಚೆನ್ನಾಗಿ ಗೊತ್ತಿರುವುದು ನಿನಗೇ," ಅಂದ ಬೈರಣ್ಣ.

ಕೆಂಚಿ ತುಂಬಿಕೊಂಡಳು. ಓಡಿದಳು. ಹೊಳೆ ಅವಳನ್ನು ಕಂಡು ಗುರುತು ಸಿಗದೆ, ಯಾರಮ್ಮ ನೀನು, ಒಂದು ಗುಟುಕು ಕುಡಿದು ಹೋಗು ಎಂದಿತು. ಅವಳು ನೀರಿನ ಕಡೆ ಮುಖ ತಿರುಗಿಸಲೂ ಇಲ್ಲ. ದಾಟುವಾಗ ನೀರು ಎದೆಯವರೆಗೆ ಬಂತು. ಬೂದಿ ಹೋಗಲಿಲ್ಲ, ಕೆಸರು ಹೋಗಲಿಲ್ಲ.

ಬಿಲದ ಬಾಯಲ್ಲಿ ಹಾಲವ್ವ ಬೊಗಸೆಯನ್ನು ಮುಂಗಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದಳು. ಅವನಿಗೆ ಎದ್ದು ಬಂದು ಮೂಗು ತಾಗಿಸುವ ಶಕ್ತಿಯಿರಲಿಲ್ಲ. ಕೆಂಚಿಯೇ ಬಗ್ಗಿ ಅವನ ತುಟಿಗೆ ತನ್ನ ಮೂಗು ತಾಗಿಸಿದಳು. ಕೊಡುವವಳೇ ಬೇಡುವವಳ ಹಾಗೆ. ಆಮೇಲೆ ಬಿಸಿಬಿಸಿಯಾದ ತುತ್ತನ್ನು ಅವನ ಬಾಯಿಯ ಮುಂದೆಯೇ ಇಟ್ಟಳು.

ಬೊಗಸೆ ಮೂಸಿ ನೋಡಿದ. ನಾಲಿಗೆ ಚಾಚಿದ. ನೆಕ್ಕಿದ. ಇನ್ನೊಮ್ಮೆ ನೆಕ್ಕಿದ.

ಉಳಿದ ಮರಿಗಳು ತಿಂದವು. ಹಾಲವ್ವ ತಿಂದಳು. ಕೆಂಚಿ ಒಂದು ಚೂರೂ ಉಳಿಸಿಕೊಳ್ಳದೆ ಹೊರಗಿಟ್ಟಳು. ಹೊಟ್ಟೆ ಖಾಲಿಯಾಗಿ ಬೆನ್ನಿಗೆ ಹತ್ತಿತು. ನಿನ್ನೆ ಹೊಳೆಯ ದಡದಲ್ಲೂ ಹಾಗೆಯೇ ಹತ್ತಿತ್ತು. ಆದರೆ ಈಗ ಅವಳು ಹಾಲವ್ವನ ಪಕ್ಕ ಮೂತಿಯಿಟ್ಟು ಮಲಗಬಹುದಾಗಿತ್ತು.

ಸಂಜೆಯ ಹೊತ್ತಿಗೆ ಬೊಗಸೆ ಎದ್ದ. ತೂರಾಡುತ್ತ ನಾಲ್ಕು ಹೆಜ್ಜೆ ಹಾಕಿದ. ಮಂದ ಬೆಳಕಿನಲ್ಲಿ ಅವನಿಗೆ ಕೆಂಚಕ್ಕನ ಹೊಂಬಣ್ಣ ಕಾಣಲಿಲ್ಲ. ಹುಲ್ಲಿನ ನಡುವೆ ಬೆಳ್ಳಗೆ ಆಡುತ್ತಿದ್ದ ಬಾಲದ ತುದಿ ಕಂಡಿತು. ಅದನ್ನೇ ಹಿಡಿಯಲು ಹೋಗಿ ಮುಗ್ಗರಿಸಿದ.

ಮಳೆಗಾಲ ಬಂತು. ಮಳೆ ಸುರಿದು ಬೆಟ್ಟಗಳೆಲ್ಲ ತೊಳೆದ ಹಾಗಾದವು. ಕಾಡುನಾಯಿಗಳ ಮೈಮೇಲಿನ ಬೂದಿ ಮಾತ್ರ ಹಾಗೆಯೇ ಉಳಿಯಿತು. ಗಾಳಿಗೆ ಕನಿಕರ ಹುಟ್ಟಿತು. ಅದು ಸ್ವಾಮಿಯ ಹತ್ತಿರ ಹೋಗಿ, ತಪ್ಪು ಒಪ್ಪಿಕೊಂಡು ಎಷ್ಟೋ ಕಾಲವಾಯಿತು, ನಾಚಿಕೆಯಿಂದ ಇನ್ನೂ ತಲೆ ಎತ್ತಿ ಓಡುತ್ತಿಲ್ಲ, ನಾನೊಮ್ಮೆ ಜೋರಾಗಿ ಬೀಸಿ ಆ ಬೂದಿ ಹಾರಿಸಿಬಿಡಲೇ ಎಂದು ಕೇಳಿತು.

ಸ್ವಾಮಿ ಕೆಳಗೆ ನೋಡಿದ. ಒಬ್ಬೊಬ್ಬರ ಮೈಮೇಲೂ ಒಂದೊಂದು ಬಗೆಯ ಕಪ್ಪು, ಒಂದೊಂದು ಬಗೆಯ ಬಿಳುಪು. ನಡುನಡುವೆ, ಅವನೇ ಕೊಟ್ಟ ಹೊಂಬಣ್ಣ.

"ಬೇಡ, ಇರಲಿ. ನಾನು ಕೊಟ್ಟದ್ದನ್ನು ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ. ಅವರು ಹಚ್ಚಿಕೊಂಡದ್ದನ್ನು ನೀನು ತೆಗೆಯಬೇಡ. ನನ್ನ ಹತ್ತಿರ ಬಂದಾಗ ಒಬ್ಬೊಬ್ಬರನ್ನೂ ಅದರಿಂದಲೇ ಗುರುತು ಹಿಡಿಯುತ್ತೇನೆ," ಅಂದ.

ಅದಕ್ಕೇ ಮಗು, ಆ ಸೀಮೆಯ ಕಾಡುನಾಯಿಗಳ ಪಟವನ್ನು ನೀನು ಎಷ್ಟು ಸಲ ನೋಡಿದರೂ ಒಂದರ ಮೈಯಂತೆ ಇನ್ನೊಂದರ ಮೈ ಇರುವುದಿಲ್ಲ, ಬಾಲದ ತುದಿ ಮಾತ್ರ ಎಲ್ಲದರದೂ ಬೆಳ್ಳಗಿರುತ್ತದೆ. ಇವತ್ತಿಗೂ ಅವು ಬೂದಿಯನ್ನು ನೆನೆದು ಸೀನಿ ಬೇಟೆಗೆ ಹೊರಡುತ್ತವೆ, ಬಂದ ಮೇಲೆ ತಲೆ ತಗ್ಗಿಸಿ ಮರಿಗಳಿಗೂ ಕುಂಟರಿಗೂ ಉಣಿಸುತ್ತವೆ.